ಸುಳ್ಳೆಂದು ತಿಳಿದ ಮೇಲೂ ಮೈ ನವಿರೇಳಿಸುವ ಐತಿಹಾಸಿಕ ಚಿತ್ರವನ್ನು ಹೇಗೆ ಅಳೆಯುವುದು?

ಪ್ರಶ್ನೆ: ಹಿಂದಿನ ಸಾಲಿನವನು

ಕಳೆದ ವಾರ ನಾನೂ ನನ್ನ ಮಗಳೂ ಕುಳಿತು ‘ಬ್ರೇವ್‌ಹಾರ್ಟ್’ ನೋಡಿದೆವು. 1995ರ ಈ ಚಿತ್ರವನ್ನು ನಾನು ವಿದ್ಯಾರ್ಥಿಯಾಗಿದ್ದಾಗ ಮೂರು ಸಲ ನೋಡಿದ್ದೆ. ಅದಕ್ಕೆ ಅತ್ಯುತ್ತಮ ಚಿತ್ರವೂ ಸೇರಿ ಐದು ಆಸ್ಕರ್ ಪ್ರಶಸ್ತಿಗಳು ಬಂದಾಗ ನನಗೇ ಬಂದಷ್ಟು ಸಂತೋಷಪಟ್ಟಿದ್ದೆ. ಇಂಗ್ಲಿಷರ ವಿರುದ್ಧ ಸ್ಕಾಟರನ್ನು ಮುನ್ನಡೆಸಿದ ವಿಲಿಯಂ ವ್ಯಾಲೇಸ್ ಮುಖಕ್ಕೆ ನೀಲಿ ಬಳಿದುಕೊಂಡು ಕುದುರೆಯ ಮೇಲೆ ಅತ್ತಿಂದಿತ್ತ ಸುಳಿದಾಡುತ್ತ, ಓಡಿಹೋಗಲು ಸಿದ್ಧರಾಗಿ ನಿಂತ ಜನರನ್ನು ಬಿಡುಗಡೆಯ ಮಾತಿನಿಂದ ಹಿಡಿದು ನಿಲ್ಲಿಸುವ ದೃಶ್ಯ ಬಂದಾಗ, ಇಷ್ಟು ವರ್ಷಗಳಾದ ಮೇಲೂ ನನಗೆ ಮೈ ನವಿರೆದ್ದಿತು. ಕದನ ಮುಗಿಯಿತು. ಮೊಬೈಲಿನಲ್ಲಿ ಏನನ್ನೋ ಓದುತ್ತಿದ್ದ ಮಗಳು ತಲೆಯೆತ್ತಿ, “ಇದು ಸ್ಟರ್ಲಿಂಗ್ ಸೇತುವೆಯ ಕದನ ಅಲ್ಲವೇ? ಸೇತುವೆ ಎಲ್ಲಿ?” ಎಂದು ಕೇಳಿದಳು.

ಸೇತುವೆ ಇರಲಿಲ್ಲ. ಬಯಲು ಮಾತ್ರ ಇತ್ತು. 1297ರ ಆ ಕದನದಲ್ಲಿ ಇಂಗ್ಲಿಷರು ಸೋತದ್ದೇ ಇಕ್ಕಟ್ಟಾದ ಸೇತುವೆಯ ಮೇಲೆ ಸ್ವಲ್ಪ ಸ್ವಲ್ಪವಾಗಿ ದಾಟುವಾಗ, ಅರ್ಧ ಸೈನ್ಯ ಈಚೆಗೆ ಬಂದು ಇನ್ನರ್ಧ ಆಚೆ ಉಳಿದಿದ್ದ ಹೊತ್ತಿಗೆ ಸ್ಕಾಟರು ಮೇಲೆ ಬಿದ್ದದ್ದರಿಂದ ಎಂದು ಅವಳು ಓದಿ ಹೇಳಿದಳು. ಆಮೇಲೆ ಒಂದೊಂದೇ ಕಳಚಿಕೊಳ್ಳತೊಡಗಿತು. ಚಿತ್ರದಲ್ಲಿ ಇಂಗ್ಲೆಂಡಿನ ಯುವರಾಜನ ಹೆಂಡತಿಯಾಗಿ ಬಂದು ವ್ಯಾಲೇಸನನ್ನು ಪ್ರೀತಿಸುವ ಫ್ರೆಂಚ್ ರಾಜಕುಮಾರಿ ಇಸಬೆಲ್ಲಾ, ಫಾಲ್ಕರ್ಕ್ ಕದನ ನಡೆದ 1298ರಲ್ಲಿ ಮೂರು ವರ್ಷದ ಆಸುಪಾಸಿನ ಮಗು. ಅವಳ ಹೊಟ್ಟೆಯಲ್ಲಿರುವುದು ವ್ಯಾಲೇಸನ ಕೂಸು ಎಂದು ಚಿತ್ರ ಸೂಚಿಸುತ್ತದೆ. ಮುಂದೆ ಇಂಗ್ಲೆಂಡಿನ ದೊರೆಯಾದ ಅವಳ ಮಗ ಮೂರನೆಯ ಎಡ್ವರ್ಡ್ ಹುಟ್ಟಿದ್ದು 1312ರಲ್ಲಿ, ವ್ಯಾಲೇಸನಿಗೆ ಮರಣದಂಡನೆಯಾದದ್ದು 1305ರಲ್ಲಿ.

ಇಷ್ಟನ್ನು ಕೇಳಿದ ಮೇಲೆ ನನಗೆ ನಾಚಿಕೆಯಾಯಿತು ಎಂದರೆ ಪೂರ್ತಿ ನಿಜವಾಗುವುದಿಲ್ಲ. ನಾಚಿಕೆಯಾಯಿತು, ಆದರೆ ಮರುದಿನ ಅದೇ ಭಾಷಣದ ದೃಶ್ಯವನ್ನು ಒಬ್ಬನೇ ಮತ್ತೆ ಹಾಕಿಕೊಂಡು ನೋಡಿದೆ, ಮತ್ತೆ ಮೈ ನವಿರೆದ್ದಿತು. ನನ್ನ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ. ಇತಿಹಾಸ, ದೇಶಭಕ್ತಿ, ರಾಜಕೀಯಗಳ ಕುರಿತ ಚಿತ್ರವನ್ನು ನೋಡಿ ಸಂತೋಷಪಡುವುದು ಒಂದು, ಅದು ಒಳ್ಳೆಯ ಚಿತ್ರ ಎಂದು ತೀರ್ಮಾನಿಸುವುದು ಇನ್ನೊಂದು ಎಂದು ಒಪ್ಪೋಣ. ಆದರೆ ಎರಡನೆಯದಕ್ಕೆ ಅಳತೆಗೋಲು ಯಾವುದು? ತಪ್ಪುಗಳನ್ನು ಎಣಿಸುತ್ತ ಕುಳಿತರೆ ಯಾವ ಚಿತ್ರವೂ ಉಳಿಯುವುದಿಲ್ಲ. ಎಣಿಸದೆ ಬಿಟ್ಟರೆ ಎತ್ತು ಈಯಿತು ಎಂದವರ ಮಾತಿಗೆ ಕೊಟ್ಟಿಗೆಯಲ್ಲಿ ಕಟ್ಟು ಎಂದಂತಾಗುತ್ತದೆ. ಇನ್ನೊಂದು ವಿಷಯವನ್ನೂ ಒಪ್ಪಿಕೊಳ್ಳುತ್ತೇನೆ: ನನ್ನ ರಾಜಕೀಯಕ್ಕೆ ಹೊಂದುವ ಚಿತ್ರವಾದರೆ ಅದರ ತಪ್ಪುಗಳು ನನಗೆ ‘ಕಲಾವಿದನ ಸ್ವಾತಂತ್ರ್ಯ’ವಾಗಿ ಕಾಣುತ್ತವೆ, ಹೊಂದದ ಚಿತ್ರವಾದರೆ ಅವೇ ತಪ್ಪುಗಳು ‘ಇತಿಹಾಸದ ತಿರುಚುವಿಕೆ’ಯಾಗಿ ಕಾಣುತ್ತವೆ. ನಿಮ್ಮಲ್ಲಿ ಯಾರಾದರೂ ಇದರಿಂದ ಪಾರಾಗಿದ್ದೀರಾ?

ಉತ್ತರ: ಕಲ್ಬರಹ

ನಾನು ಶಾಸನಗಳನ್ನು ಓದುವ ಹವ್ಯಾಸದವನು, ಆದ್ದರಿಂದ ನನ್ನ ಉತ್ತರ ಆ ದಿಕ್ಕಿನಿಂದ ಬರುತ್ತದೆ. ಸೇತುವೆ ಕಾಣೆಯಾದದ್ದೂ ಇಸಬೆಲ್ಲಾಳ ವಯಸ್ಸು ಬದಲಾದದ್ದೂ ಒಂದೇ ಬಗೆಯ ತಪ್ಪುಗಳಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಸೇತುವೆಯನ್ನು ಬಿಟ್ಟದ್ದು ಬಹುಶಃ ಚಿತ್ರೀಕರಣದ ಅನುಕೂಲಕ್ಕಾಗಿ. ಅದರಿಂದ ಕಳೆದುಹೋದದ್ದು ಸ್ಕಾಟರ ಜಾಣತನ, ಏಕೆಂದರೆ ಬಯಲಿನಲ್ಲಿ ಗೆದ್ದವರು ಧೈರ್ಯದಿಂದ ಗೆದ್ದಂತೆ ಕಾಣುತ್ತಾರೆಯೇ ಹೊರತು ಬುದ್ಧಿಯಿಂದ ಗೆದ್ದಂತೆ ಅಲ್ಲ. ಇಸಬೆಲ್ಲಾಳ ಪ್ರಸಂಗವಾದರೋ ಶತ್ರುವಿನ ವಂಶದ ರಕ್ತದಲ್ಲೇ ನಾಯಕನ ಗೆಲುವನ್ನು ಬರೆಯುವುದಕ್ಕಾಗಿ ಹುಟ್ಟಿಸಿದ್ದು. ಮೊದಲನೆಯದು ಬಿಟ್ಟುಹೋದ ಸಂಗತಿ, ಎರಡನೆಯದು ತಂದು ಸೇರಿಸಿದ ಆಸೆ. ನಾನು ತಪ್ಪುಗಳನ್ನು ಎಣಿಸುವುದಿಲ್ಲ. ಪ್ರತಿಯೊಂದು ತಪ್ಪು ಕಥೆಯನ್ನು ಯಾವ ಕಡೆಗೆ ವಾಲಿಸಿತು ಎಂದು ನೋಡುತ್ತೇನೆ.

ನಮಗೆಲ್ಲ ಗೊತ್ತಿರುವ ಒಂದು ಚಿತ್ರವನ್ನೇ ತೆಗೆದುಕೊಳ್ಳಿ. 1975ರ ‘ಮಯೂರ’ ದೇವುಡು ಅವರ ಕಾದಂಬರಿಯನ್ನು ಆಧರಿಸಿದ್ದು, ರಾಜ್‌ಕುಮಾರ್ ಅವರ ಗಾಂಭೀರ್ಯದಿಂದ ಇಂದಿಗೂ ನೋಡಿಸಿಕೊಳ್ಳುವಂಥದ್ದು. ಬ್ರಾಹ್ಮಣರ ಮನೆಯಲ್ಲಿ ಬೆಳೆದ ಹುಡುಗ ತಾನು ನಿಜವಾಗಿ ಕದಂಬರ ರಾಜಕುಮಾರನೆಂದು ತಿಳಿದು, ಪಲ್ಲವರಿಂದ ತನ್ನ ನಾಡನ್ನು ಮರಳಿ ಪಡೆಯುತ್ತಾನೆ. ಇನ್ನು ತಾಳಗುಂದದ ಸ್ತಂಭಶಾಸನಕ್ಕೆ ಬನ್ನಿ. ಮಯೂರಶರ್ಮನ ಕಾಲದಿಂದ ಸುಮಾರು ನೂರು ವರ್ಷಗಳ ಮೇಲೆ, ಐದನೆಯ ಶತಮಾನದಲ್ಲಿ, ಕುಬ್ಜನೆಂಬ ಕವಿ ಅದನ್ನು ರಚಿಸಿದ. ಅದರಲ್ಲಿ ಕಳೆದುಹೋದ ರಾಜ್ಯವೂ ಇಲ್ಲ, ಮುಚ್ಚಿಟ್ಟ ಹುಟ್ಟಿನ ಗುಟ್ಟೂ ಇಲ್ಲ. ವೇದಾಧ್ಯಯನಕ್ಕೆಂದು ಗುರುವಿನೊಡನೆ ಕಂಚಿಯ ಘಟಿಕೆಗೆ, ಅಂದರೆ ವಿದ್ಯಾಕೇಂದ್ರಕ್ಕೆ, ಹೋದ ವಿದ್ಯಾರ್ಥಿಯೊಬ್ಬ ಪಲ್ಲವರ ಕುದುರೆ ಸವಾರರೊಡನೆ ಜಗಳಕ್ಕೆ ಬೀಳುತ್ತಾನೆ, ಅವಮಾನದಿಂದ ಕುದಿಯುತ್ತಾನೆ, ದರ್ಭೆಯನ್ನೂ ಸಮಿತ್ತನ್ನೂ ಹಿಡಿದು ಪಳಗಿದ ಕೈಯಲ್ಲಿ ಉರಿಯುವಂಥ ಕತ್ತಿಯನ್ನು ಹಿರಿಯುತ್ತಾನೆ. ಶ್ರೀಪರ್ವತದ ಸುತ್ತಿನ ಕಾಡುಗಳನ್ನು ಸೇರಿ ಬೃಹದ್ಬಾಣರೆಂಬ ಅರಸರಿಂದ ಕಪ್ಪ ವಸೂಲು ಮಾಡುತ್ತಾನೆ; ಕೊನೆಗೆ ಪಲ್ಲವರೇ ಅವನೊಡನೆ ಸಂಧಾನಕ್ಕೆ ಬಂದು ನಾಡನ್ನು ಬಿಟ್ಟುಕೊಡುತ್ತಾರೆ.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಆಶ್ಚರ್ಯವಾದದ್ದು ಚಿತ್ರದಲ್ಲಿ ಸುಳ್ಳಿದೆ ಎಂಬುದರಿಂದಲ್ಲ, ಹದಿನೈದು ನೂರು ವರ್ಷಗಳ ಹಿಂದಿನ ಕಲ್ಲು ಚಿತ್ರಕ್ಕಿಂತ ದಿಟ್ಟವಾಗಿದೆ ಎಂಬುದರಿಂದ. ಕಲ್ಲಿನಲ್ಲಿರುವವನು ಏನೂ ಅಲ್ಲದ ಒಬ್ಬ ಹುಡುಗ. ಅವನಿಗೆ ಸಿಂಹಾಸನದ ಹಕ್ಕು ಇರಲಿಲ್ಲ, ಅವಮಾನ ಮಾತ್ರ ಇತ್ತು. ಚಿತ್ರ ಅವನಿಗೆ ವಂಶದ ಹಕ್ಕನ್ನು ಕೊಟ್ಟಿತು, ಬಂಡಾಯವನ್ನು ಆಸ್ತಿ ಮರಳಿ ಪಡೆಯುವ ವ್ಯಾಜ್ಯವನ್ನಾಗಿ ಮಾಡಿತು. ಜನಪ್ರಿಯ ಕಥೆಗೆ ನಾಯಕನು ಹುಟ್ಟಿನಿಂದಲೇ ನಾಯಕನಾಗಿರಬೇಕು ಎಂಬ ಹಠ ಇರುತ್ತದೆ. ಇದು ಇತಿಹಾಸದ ತಪ್ಪಿಗಿಂತ ಕಲ್ಪನೆಯ ಬಡತನ ಎಂದು ನನ್ನ ಅಭಿಪ್ರಾಯ, ಹಾಗೆಂದು ರಾಜ್‌ಕುಮಾರ್ ಅವರ ನಡಿಗೆಯನ್ನು ನೋಡುವುದನ್ನು ನಾನೇನೂ ಬಿಟ್ಟಿಲ್ಲ.

ಹಾಗೆಂದು ಕಲ್ಲು ಹೇಳಿದ್ದೆಲ್ಲ ಸತ್ಯ ಎಂದುಕೊಳ್ಳಬಾರದು. ಕುಬ್ಜನು ಬರೆದದ್ದು ಮಯೂರಶರ್ಮನ ವಂಶದವರು ಆಳುತ್ತಿದ್ದಾಗ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ, ಇಮ್ಮಡಿ ಪುಲಕೇಶಿಯ ಎದುರಿಗೆ ಹರ್ಷನ ಹರ್ಷವೇ ಉದುರಿಹೋಯಿತು ಎಂದು ಶ್ಲೇಷೆ ಮಾಡಿ, ಅಷ್ಟಕ್ಕೇ ತೃಪ್ತನಾಗದೆ ತಾನು ಕಾಳಿದಾಸ ಭಾರವಿಗಳಿಗೆ ಸಮಾನನೆಂದು ಸೇರಿಸುತ್ತಾನೆ. ಆಸ್ಥಾನಕವಿಯ ಈ ಉತ್ಸಾಹಕ್ಕೂ ಇಂದಿನ ಚಿತ್ರಗಳ ಹಿನ್ನೆಲೆ ಸಂಗೀತಕ್ಕೂ ದೂರದ ನೆಂಟಸ್ತನವಿದೆ. ಚಿತ್ರವನ್ನು ‘ನಿಜವಾದ ಇತಿಹಾಸ’ದ ಎದುರಿಗೆ ನಿಲ್ಲಿಸುತ್ತೇವೆ ಎಂದು ನಾವು ಅಂದುಕೊಂಡಾಗಲೂ ಎಷ್ಟೋ ಸಲ ಒಂದು ಹೊಗಳಿಕೆಯನ್ನು ಇನ್ನೊಂದು ಹಳೆಯ ಹೊಗಳಿಕೆಯ ಎದುರಿಗೆ ನಿಲ್ಲಿಸಿರುತ್ತೇವೆ.

ಉತ್ತರ: ಮಧ್ಯಂತರ

ಕಲ್ಬರಹ ಅವರ ಮಾತನ್ನು ಒಪ್ಪುತ್ತೇನೆ, ಆದರೆ ಅದು ಚಿತ್ರದ ಹೊರಗೆ ನಿಂತು ಹೇಳುವ ಮಾತು. ನನಗೆ ಶಾಸನ ಗೊತ್ತಿಲ್ಲ, ಸ್ಕಾಟ್ಲೆಂಡಿನ ಇತಿಹಾಸ ಗೊತ್ತಿಲ್ಲ, ನಾನು ಏನು ಮಾಡಲಿ? ಬಹುಪಾಲು ಪ್ರೇಕ್ಷಕರ ಸ್ಥಿತಿ ಇದೇ. ಚಿತ್ರದ ಒಳಗೇ ಕುಳಿತು, ಕಣ್ಣು ಕಿವಿಗಳಿಂದಲೇ ಅಳೆಯುವ ದಾರಿಯೊಂದು ಇರಬೇಕು. ಚಲನಚಿತ್ರ ಸಮಾಜವೊಂದರಲ್ಲಿ ಬಹಳ ಕಾಲ ಪ್ರದರ್ಶನಗಳನ್ನು ನಡೆಸಿದ ಅನುಭವದಿಂದ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡಿದ್ದೇನೆ: ಎದುರು ಪಕ್ಷದವನ ಮುಖವನ್ನು ಕ್ಯಾಮೆರಾ ಎಷ್ಟು ಹೊತ್ತು ನೋಡುತ್ತದೆ? ಅವನು ಸತ್ತಾಗ ಯಾವ ಸಂಗೀತ ಕೇಳಿಸುತ್ತದೆ?

ಸೋವಿಯತ್ ನಿರ್ದೇಶಕ ಐಸೆನ್‌ಸ್ಟೈನ್ 1925ರಲ್ಲಿ ಮಾಡಿದ ‘ಬ್ಯಾಟಲ್‌ಶಿಪ್ ಪೊಟೆಮ್‌ಕಿನ್’ ಚಿತ್ರದಲ್ಲಿ ಒಡೆಸ್ಸಾದ ಮೆಟ್ಟಿಲುಗಳ ಮೇಲೆ ನಡೆಯುವ ಹತ್ಯಾಕಾಂಡವನ್ನು ನೆನೆಯಿರಿ. 1905ರಲ್ಲಿ ಆ ನಗರದಲ್ಲಿ ಗುಂಡು ಹಾರಿತ್ತು, ಜನ ಸತ್ತಿದ್ದರು. ಆದರೆ ಆ ಮೆಟ್ಟಿಲುಗಳ ಮೇಲೆ ಆ ರೀತಿ ಏನೂ ನಡೆದಿರಲಿಲ್ಲ. ಅದು ಗೊತ್ತಿಲ್ಲದೆಯೂ ಗಮನಿಸಬಹುದಾದದ್ದು ಒಂದಿದೆ. ಓಡುವ ಜನರಿಗೆ ಮುಖಗಳಿವೆ: ಕನ್ನಡಕ ಒಡೆದು ರಕ್ತ ಸೋರುವ ಹೆಂಗಸು, ಮಗುವನ್ನು ಎತ್ತಿಕೊಂಡು ಮೇಲಕ್ಕೆ ನಡೆಯುವ ತಾಯಿ, ಅಂಚಿನಲ್ಲಿ ತೂಗಾಡಿ ಉರುಳುವ ಮಗುವಿನ ಬಂಡಿ. ಇಳಿದು ಬರುವ ಝಾರ್ ದೊರೆಯ ಸೈನಿಕರಿಗೆ ಮುಖವೇ ಇಲ್ಲ. ಬೂಟುಗಳಿವೆ, ಬಂದೂಕಿನ ಸಾಲಿದೆ, ಮೆಟ್ಟಿಲ ಮೇಲೆ ಬಿದ್ದ ನೆರಳುಗಳಿವೆ. ಕೆಲವೇ ನಿಮಿಷಗಳಲ್ಲಿ ಇಳಿದು ಮುಗಿಯಬೇಕಾದ ಮೆಟ್ಟಿಲುಗಳು ಮುಗಿಯುವುದೇ ಇಲ್ಲ, ಏಕೆಂದರೆ ಸಂಕಲನವು ಅದೇ ಕ್ಷಣವನ್ನು ಬೇರೆ ಬೇರೆ ಕಡೆಯಿಂದ ಮತ್ತೆ ಮತ್ತೆ ಎತ್ತಿಕೊಂಡು ಕಾಲವನ್ನು ಹಿಗ್ಗಿಸುತ್ತದೆ. ಇದು ಅದ್ಭುತವಾದ ಕಸುಬು, ಮತ್ತು ಇದು ಪ್ರಚಾರ. ಬ್ರಿಟನ್ನಿನಲ್ಲಿ ಈ ಚಿತ್ರವನ್ನು 1954ರವರೆಗೆ ನಿಷೇಧಿಸಿ ಇಟ್ಟವರಿಗೆ ಎರಡೂ ಅರ್ಥವಾಗಿತ್ತು.

ಇದಕ್ಕೆ ಎದುರಾಗಿ ಗಿಲ್ಲೊ ಪೊಂಟೆಕೊರ್ವೊ 1966ರಲ್ಲಿ ಮಾಡಿದ ‘ಬ್ಯಾಟಲ್ ಆಫ್ ಅಲ್ಜಿಯರ್ಸ್’ ಚಿತ್ರವನ್ನು ನೋಡಿ. ಫ್ರೆಂಚರ ಆಳ್ವಿಕೆಯ ವಿರುದ್ಧ ಹೋರಾಡಿದ ಸಾದಿ ಯಾಸೆಫ್ ಎಂಬ ಅಲ್ಜೀರಿಯನ್ ನಾಯಕನ ನೆನಪುಗಳೇ ಅದಕ್ಕೆ ಮೂಲ, ನಿರ್ಮಾಪಕರಲ್ಲಿ ಅವನೂ ಒಬ್ಬ, ತನ್ನನ್ನೇ ಹೋಲುವ ಪಾತ್ರದಲ್ಲಿ ಅವನೇ ನಟಿಸಿದ. ಇದಕ್ಕಿಂತ ಏಕಪಕ್ಷೀಯವಾಗಲು ಬೇಕಾದ ಸಲಕರಣೆ ಇನ್ನೇನು? ಆದರೂ ಯುರೋಪಿಯನ್ನಳಂತೆ ವೇಷ ತೊಟ್ಟ ಯುವತಿ ಕೈಚೀಲದಲ್ಲಿ ಬಾಂಬನ್ನಿಟ್ಟುಕೊಂಡು ಕೆಫೆಯಲ್ಲಿ ಕುಳಿತಾಗ, ಕ್ಯಾಮೆರಾ ಅವಳ ಕಣ್ಣಿನಿಂದ ಸುತ್ತಲೂ ನೋಡುತ್ತದೆ. ಐಸ್‌ಕ್ರೀಮ್ ತಿನ್ನುತ್ತಿರುವ ಒಂದು ಚಿಕ್ಕ ಮಗುವಿನ ಮುಖದ ಮೇಲೆ ಅದು ನಿಲ್ಲುತ್ತದೆ. ಅವಳಿಗೆ ಗೊತ್ತು, ನಮಗೂ ಗೊತ್ತು. ಅಲ್ಜಿಯರ್ಸಿನ ಹಳೆಯ ಭಾಗವಾದ ಕಸ್ಬಾದ ಮನೆಗಳು ಸ್ಫೋಟಗೊಂಡು ಅಲ್ಜೀರಿಯನ್ನರು ಸತ್ತಾಗ ಕೇಳಿದ ಶೋಕದ ಸಂಗೀತವೇ ಕೆಫೆಯ ಅವಶೇಷಗಳ ಮೇಲೂ ಕೇಳುತ್ತದೆ. ಯಾವ ಪಕ್ಷದ ಪರವಾಗಿ ಚಿತ್ರವಿದೆ ಎಂಬುದರಲ್ಲಿ ಎಳ್ಳಷ್ಟೂ ಸಂದೇಹವಿಲ್ಲ. ಆದರೂ ಆ ಮಗುವನ್ನು ನಮ್ಮ ಲೆಕ್ಕದಿಂದ ತೆಗೆದುಹಾಕಲು ಅದು ಬಿಡುವುದಿಲ್ಲ.

ದೇಶಭಕ್ತಿಯ ವಿಷಯಕ್ಕೆ ಬಂದರೆ, ಒಂದೇ ಕಥೆಯನ್ನು ಎರಡು ಕಾಲಗಳಲ್ಲಿ ಮಾಡಿದ ಜೋಡಿಯೊಂದನ್ನು ಪ್ರಶ್ನೆ ಕೇಳಿದವರಿಗೆ ಸೂಚಿಸುತ್ತೇನೆ. ಶೇಕ್ಸ್‌ಪಿಯರನ ಐದನೆಯ ಹೆನ್ರಿಯ ನಾಟಕವನ್ನು ಲಾರೆನ್ಸ್ ಒಲಿವಿಯೆ 1944ರಲ್ಲಿ, ಮಹಾಯುದ್ಧ ನಡೆಯುತ್ತಿರುವಾಗಲೇ, ಬಣ್ಣದಲ್ಲಿ ತೆಗೆದು ಬ್ರಿಟನ್ನಿನ ಕಮಾಂಡೊಗಳಿಗೂ ವಿಮಾನದಿಂದ ಇಳಿದು ಕಾದುವ ಸೈನಿಕರಿಗೂ ಅರ್ಪಿಸಿದರು. ಅಲ್ಲಿ ಫ್ರೆಂಚರೊಡನೆ ಕದನ ನಡೆಯುವ ಅಜಿನ್‌ಕೋರ್ಟ್ ಬಯಲು ಹಸಿರು, ಆಕಾಶ ತಿಳಿ, ಸವಾರರು ಚಿತ್ರಪಟದಿಂದ ಇಳಿದು ಬಂದವರಂತೆ. ನಾಟಕದಲ್ಲಿದ್ದ ಕೆಲವು ಸಂಗತಿಗಳು ಅಲ್ಲಿಲ್ಲ: ರಾಜನ ವಿರುದ್ಧ ಅವನ ಆಪ್ತರೇ ಹೂಡಿದ ಸಂಚು, ಹಾರ್ಫ್ಲರ್ ನಗರದ ಎದುರು ರಾಜ ಹಾಕುವ ಭೀಕರ ಬೆದರಿಕೆ, ಚರ್ಚಿನಲ್ಲಿ ಕದ್ದುದಕ್ಕಾಗಿ ಅವನ ಹಳೆಯ ಗೆಳೆಯ ಬಾರ್ಡಾಲ್ಫನಿಗೆ ಆಗುವ ಗಲ್ಲು. 1989ರಲ್ಲಿ ಕೆನೆತ್ ಬ್ರಾನಾ ಇವುಗಳನ್ನೆಲ್ಲ ಮರಳಿ ತಂದರು. ಗೆಳೆಯ ನೇಣಿನಲ್ಲಿ ತೂಗುವಾಗ ರಾಜನ ಕಣ್ಣು ಒದ್ದೆಯಾಗುತ್ತದೆ, ಯುದ್ಧ ಕೆಸರಿನಲ್ಲಿ ನಡೆಯುತ್ತದೆ, ಗೆದ್ದ ರಾಜ ಸತ್ತ ಹುಡುಗನೊಬ್ಬನನ್ನು ಹೆಗಲ ಮೇಲೆ ಹೊತ್ತು ಹೆಣಗಳ ನಡುವೆ ನಡೆಯುತ್ತ ಹೋಗುತ್ತಾನೆ. ಎರಡರಲ್ಲೂ ಯುದ್ಧಕ್ಕೆ ಮುಂಚಿನ ಭಾಷಣ ಒಂದೇ, ಮೈ ನವಿರೇಳುವುದೂ ಒಂದೇ. ನವಿರೆದ್ದ ಮೈ ಏನನ್ನೂ ಸಾಬೀತು ಮಾಡುವುದಿಲ್ಲ, ಅದು ಅಪರಾಧವೂ ಅಲ್ಲ. ಆ ನವಿರು ಇಳಿದ ಮೇಲೆ ಚಿತ್ರ ನಿಮಗೆ ಏನನ್ನು ತೋರಿಸುವ ಧೈರ್ಯ ಮಾಡುತ್ತದೆ ಎಂಬುದರಲ್ಲಿ ಇವೆರಡೂ ಬೇರೆಯಾಗುತ್ತವೆ.

ಉತ್ತರ: ಟಿಕೆಟ್ಟಿನ ಅರ್ಧ

ಮಧ್ಯಂತರ ಅವರ ಉತ್ತರ ಚೆನ್ನಾಗಿದೆ; ಅದೇ ನನ್ನ ಆತಂಕ. ಕಸುಬು ಚೆನ್ನಾಗಿದ್ದಷ್ಟೂ ಅಪಾಯ ಹೆಚ್ಚು ಎಂಬುದನ್ನು ಅವರು ಪಕ್ಕಕ್ಕೆ ಸರಿಸಿದ್ದಾರೆ. ಅಮೆರಿಕದ ನಿರ್ದೇಶಕ ಗ್ರಿಫಿತ್ 1915ರಲ್ಲಿ ಮಾಡಿದ ‘ದಿ ಬರ್ತ್ ಆಫ್ ಎ ನೇಷನ್’ ಇಂದಿಗೂ ಚಲನಚಿತ್ರದ ಪಾಠಗಳಲ್ಲಿ ಬರುತ್ತದೆ, ಏಕೆಂದರೆ ಎರಡು ಕಡೆ ನಡೆಯುವ ಘಟನೆಗಳನ್ನು ಹೆಣೆದು ಪ್ರೇಕ್ಷಕನ ಉಸಿರನ್ನು ಹಿಡಿದಿಡುವ ವಿದ್ಯೆ ಅದರಲ್ಲಿ ಅಷ್ಟು ಪಕ್ವವಾಗಿದೆ. ಹಾಗೆ ಉಸಿರು ಬಿಗಿಹಿಡಿದು ನಾವು ಕಾಯುವುದು ಯಾರಿಗಾಗಿ? ಕುದುರೆಗಳ ಮೇಲೆ ಧಾವಿಸಿ ಬರುವ, ಕರಿಯರನ್ನು ಹಿಂಸಿಸುತ್ತಿದ್ದ ಬಿಳಿಯರ ಸಂಘಟನೆಯಾದ ಕು ಕ್ಲಕ್ಸ್ ಕ್ಲಾನ್ ಸವಾರರಿಗಾಗಿ. ಸತ್ತುಹೋಗಿದ್ದ ಆ ಸಂಘಟನೆ ಅದೇ ವರ್ಷ ಜಾರ್ಜಿಯಾದ ಸ್ಟೋನ್ ಮೌಂಟನ್ ಮೇಲೆ ಮತ್ತೆ ಹುಟ್ಟಿತು, ಮುಂದೆ ಸದಸ್ಯರನ್ನು ಸೆಳೆಯಲು ಈ ಚಿತ್ರವನ್ನೇ ತೋರಿಸಿತು. ಕರಿಯರ ಹಕ್ಕುಗಳ ಸಂಘಟನೆಯಾದ ಎನ್‌ಎಎಸಿಪಿ ಬೀದಿಗಿಳಿದು ಪ್ರತಿಭಟಿಸಿದಾಗ ಅವರು ಸಂಕಲನದ ಸೊಗಸನ್ನು ಚರ್ಚಿಸುತ್ತಿರಲಿಲ್ಲ.

ನಾನು ಚಿತ್ರವನ್ನು ಅಳೆಯುವಾಗ ಕೇಳುವುದು, ಇದು ಈಗಲೇ ಏಕೆ ಬಂತು, ಇದನ್ನು ತಡೆಯಬಲ್ಲವರು ಏಕೆ ತಡೆಯಲಿಲ್ಲ ಎಂದು. ಮಧ್ಯಂತರ ಅವರು ಮೆಚ್ಚಿದ ಅದೇ ಐಸೆನ್‌ಸ್ಟೈನ್ 1938ರಲ್ಲಿ ‘ಅಲೆಕ್ಸಾಂಡರ್ ನೆವ್‌ಸ್ಕಿ’ ಮಾಡಿದರು. 1242ರಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಜರ್ಮನ್ ಸವಾರರನ್ನು ಸೋಲಿಸಿದ ರಷ್ಯನ್ ರಾಜಕುಮಾರನ ಕಥೆ ಅದು. ಹಿಟ್ಲರನ ಜರ್ಮನಿ ಶತ್ರುವಾಗಿದ್ದಾಗ ಅದು ದೇಶಭಕ್ತಿಯ ಮಹಾಕೃತಿ. 1939ರ ಆಗಸ್ಟಿನಲ್ಲಿ ಸೋವಿಯತ್ ಸರ್ಕಾರ ಜರ್ಮನಿಯೊಂದಿಗೆ ಒಪ್ಪಂದ ಮಾಡಿಕೊಂಡ ಕೂಡಲೇ ಅದು ಚಿತ್ರಮಂದಿರಗಳಿಂದ ಮಾಯವಾಯಿತು. 1941ರ ಜೂನಿನಲ್ಲಿ ಜರ್ಮನ್ ಸೈನ್ಯ ಗಡಿ ದಾಟಿ ಬಂದ ಮೇಲೆ ಮತ್ತೆ ತೆರೆಗೆ ಬಂತು. ಈ ಮೂರು ವರ್ಷಗಳಲ್ಲಿ ಚಿತ್ರದ ಒಂದು ಚೌಕಟ್ಟೂ ಬದಲಾಗಲಿಲ್ಲ, ಕೃತಕ ಮಂಜುಗಡ್ಡೆ ಮತ್ತು ಪ್ರೊಕೊಫಿಯೆವ್‌ನ ಸಂಗೀತ ಇದ್ದಲ್ಲೇ ಇದ್ದವು. ಅದೇ ನಿರ್ದೇಶಕರ ‘ಇವಾನ್ ದಿ ಟೆರಿಬಲ್’ ಚಿತ್ರದ ಮೊದಲ ಭಾಗಕ್ಕೆ ಸ್ಟಾಲಿನ್ ಪ್ರಶಸ್ತಿ ಸಿಕ್ಕಿತು. ಸಂದೇಹದಿಂದ ಹುಚ್ಚನಂತಾಗುವ ದೊರೆಯನ್ನು ತೋರಿಸಿದ ಎರಡನೆಯ ಭಾಗವನ್ನು ಸ್ಟಾಲಿನ್ ತಡೆಹಿಡಿದ, ಅದು 1958ರಲ್ಲಿ ಹೊರಬರುವ ಹೊತ್ತಿಗೆ ಐಸೆನ್‌ಸ್ಟೈನ್ ತೀರಿಕೊಂಡು ಹತ್ತು ವರ್ಷವಾಗಿತ್ತು.

ಮಾರುಕಟ್ಟೆಯೂ ಸರ್ಕಾರದಷ್ಟೇ ಹಠಮಾರಿ ಎಂಬುದಕ್ಕೆ 2000ದ ‘ಯು–571’ ಸಾಕು. ಜರ್ಮನ್ ಜಲಾಂತರ್ಗಾಮಿಯಿಂದ ಎನಿಗ್ಮಾ ಗುಪ್ತಲಿಪಿ ಯಂತ್ರವನ್ನು ಅಮೆರಿಕನ್ನರು ವಶಪಡಿಸಿಕೊಂಡರು ಎಂದು ಅದು ತೋರಿಸುತ್ತದೆ. ಬ್ರಿಟಿಷ್ ನೌಕೆ ‘ಬುಲ್‌ಡಾಗ್’ನ ನಾವಿಕರು ಯು–110ರಿಂದ ಯಂತ್ರವನ್ನು ತಂದದ್ದು 1941ರ ಮೇ ತಿಂಗಳಲ್ಲಿ, ಅಮೆರಿಕ ಯುದ್ಧಕ್ಕೆ ಇಳಿಯುವುದಕ್ಕೆ ಏಳು ತಿಂಗಳು ಮೊದಲು. ಚಿತ್ರದ ಕೊನೆಯಲ್ಲಿ ಬ್ರಿಟಿಷರನ್ನು ನೆನೆಯುವ ಅಕ್ಷರಗಳು ಬರುತ್ತವೆ ನಿಜ, ಆದರೆ ಆ ಹೊತ್ತಿಗೆ ಜನ ಎದ್ದು ಚಪ್ಪಲಿ ಹುಡುಕುತ್ತಿರುತ್ತಾರೆ.

ಉತ್ತರ: ಮಧ್ಯಂತರ

ಟಿಕೆಟ್ಟಿನ ಅರ್ಧ ಅವರಿಗೆ: ನಾನು ಪಕ್ಕಕ್ಕೆ ಸರಿಸಲಿಲ್ಲ. ಗ್ರಿಫಿತ್‌ನ ಚಿತ್ರವನ್ನು ನನ್ನ ಎರಡು ಪ್ರಶ್ನೆಗಳಿಗೆ ಒಡ್ಡಿ ನೋಡಿ, ಅದು ಎರಡರಲ್ಲೂ ಸೋಲುತ್ತದೆ. ಅಲ್ಲಿ ಮುಖ್ಯ ಕರಿಯರ ಪಾತ್ರಗಳನ್ನೇ ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯರು ಮಾಡಿದ್ದಾರೆ, ಅಂದರೆ ಎದುರು ಪಕ್ಷದವನಿಗೆ ಅವನ ಸ್ವಂತ ಮುಖವೂ ಸಿಗಲಿಲ್ಲ. ಇನ್ನು ಕಾಲದ ವಿಷಯ. ಸಂದರ್ಭ ಮುಖ್ಯ ಎಂದು ಒಪ್ಪುತ್ತೇನೆ, ಆದರೆ ಅದೊಂದರಿಂದಲೇ ತೀರ್ಪು ಕೊಟ್ಟರೆ ಯುದ್ಧಕಾಲದ ಪ್ರತಿಯೊಂದು ಚಿತ್ರವನ್ನೂ ಕಸದ ಬುಟ್ಟಿಗೆ ಹಾಕಬೇಕಾಗುತ್ತದೆ, ‘ಕಾಸಾಬ್ಲಾಂಕಾ’ವನ್ನೂ.

1942ರ ಆ ಚಿತ್ರದಲ್ಲಿ, ಕೆಫೆಯಲ್ಲಿ ಜರ್ಮನ್ ಅಧಿಕಾರಿಗಳು ತಮ್ಮ ಹಾಡನ್ನು ಗಟ್ಟಿಯಾಗಿ ಹಾಡುತ್ತಿರುವಾಗ, ನಾಜಿಗಳ ವಿರುದ್ಧ ಹೋರಾಡುವ ಲಾಸ್ಲೊ ಹೋಗಿ ವಾದ್ಯದವರಿಗೆ ಫ್ರಾನ್ಸಿನ ರಾಷ್ಟ್ರಗೀತೆ ನುಡಿಸಲು ಹೇಳುತ್ತಾನೆ. ವಾದ್ಯದವರು ಮಾಲೀಕನ ಕಡೆ ನೋಡುತ್ತಾರೆ. ಅವನು ಸಣ್ಣಗೆ ತಲೆಯಾಡಿಸುತ್ತಾನೆ, ಅಷ್ಟೇ. ಕೆಫೆಯಲ್ಲಿದ್ದವರೆಲ್ಲ ಎದ್ದು ಹಾಡುತ್ತಾರೆ, ಯುವತಿಯೊಬ್ಬಳ ಕೆನ್ನೆಯ ಮೇಲೆ ನೀರಿಳಿಯುತ್ತದೆ. ಆ ಯುವತಿಯ ಪಾತ್ರ ಮಾಡಿದ ಮ್ಯಾಡ್ಲಿನ್ ಲೆಬೊ ಸ್ವತಃ ಜರ್ಮನ್ನರು ಬಂದಾಗ ಫ್ರಾನ್ಸ್ ಬಿಟ್ಟು ಓಡಿಬಂದವರು. ಆ ಚಿತ್ರದ ನಟನಟಿಯರಲ್ಲಿ ಯುರೋಪಿನ ನಿರಾಶ್ರಿತರು ಬಹಳ ಮಂದಿ ಇದ್ದರು. ಗೆದ್ದವರ ದೇಶಭಕ್ತಿ ಒಂದು ಬಗೆ, ಮನೆ ಕಳೆದುಕೊಂಡವರ ದೇಶಭಕ್ತಿ ಇನ್ನೊಂದು ಬಗೆ, ಆ ದೃಶ್ಯ ಎರಡನೆಯದನ್ನು ಹಿಡಿದಿದೆ.

ನಿಮ್ಮ ಪರವಾಗಿಯೂ ಒಂದು ಮಾತು ಹೇಳಿಬಿಡುತ್ತೇನೆ. ಆ ಕೆಫೆ ಇರುವುದು ಮೊರಾಕೊದಲ್ಲಿ, ಮೊರಾಕೊ ಆಗ ಫ್ರಾನ್ಸಿನ ಅಧೀನದಲ್ಲಿತ್ತು, ಅಲ್ಲಿಯವರ ಹಾಡನ್ನು ಆ ರಾತ್ರಿ ಯಾರೂ ಹಾಡಲಿಲ್ಲ. ‘ಕಾಸಾಬ್ಲಾಂಕಾ’ ಮುಗಿಸಿ ಮರುದಿನ ‘ಬ್ಯಾಟಲ್ ಆಫ್ ಅಲ್ಜಿಯರ್ಸ್’ ನೋಡಿದರೆ, ಹಿಂದಿನ ರಾತ್ರಿ ನಾವು ಎದ್ದು ನಿಂತು ಹಾಡಬೇಕೆನಿಸಿದ ಅದೇ ಧ್ವಜದ ಕೆಳಗೆ ಜನರಿಗೆ ಚಿತ್ರಹಿಂಸೆ ಕೊಡುವುದನ್ನು ನೋಡುತ್ತೇವೆ. ಎರಡೂ ದೃಶ್ಯಗಳಲ್ಲಿ ನನ್ನ ಗಂಟಲು ಕಟ್ಟಿದೆ. ಒಂದು ಇನ್ನೊಂದನ್ನು ರದ್ದು ಮಾಡಲಿಲ್ಲ.

ಉತ್ತರ: ಇಂಟರ್‌ವಲ್ ಬೇಡ

ಇಷ್ಟೆಲ್ಲ ಅಳೆದರೆ ಚಿತ್ರ ನೋಡುವುದು ಯಾವಾಗ? ಕೆಲಸ ಮುಗಿಸಿ ಬಂದವನು ಎರಡೂವರೆ ಗಂಟೆ ಮೈಮರೆಯಲು ಕುಳಿತಿರುತ್ತಾನೆ. ನಾಟಕಗಳಲ್ಲಿ, ಹರಿಕಥೆಗಳಲ್ಲಿ ರಾಜರ ಕಥೆಗಳನ್ನು ಬೇಕಾದಂತೆ ತಿರುಗಿಸಿ ಹೇಳಿದಾಗ ಯಾರೂ ತಕ್ಕಡಿ ಹಿಡಿದು ನಿಂತಿರಲಿಲ್ಲ. ಚಿತ್ರಕ್ಕೆ ಮಾತ್ರ ಈ ಪರೀಕ್ಷೆ ಏಕೆ ಎಂಬುದು ನನಗೆ ಅರ್ಥವಾಗಿಲ್ಲ.

ಉತ್ತರ: ಕಲ್ಬರಹ

ಇದಕ್ಕೆ ನೇರವಾದ ಉತ್ತರವಿದೆ. ನಾಟಕದ ರಾಜ ಬಣ್ಣ ಹಚ್ಚಿಕೊಂಡಿರುತ್ತಾನೆ, ಪರದೆಯ ಹಿಂದಿನಿಂದ ಬರುತ್ತಾನೆ, ಅವನು ರಾಜನಲ್ಲ ಎಂಬುದನ್ನು ಯಾರೂ ಮರೆಯುವುದಿಲ್ಲ. ಚಿತ್ರ ಮಾತ್ರ ಛಾಯಾಚಿತ್ರದ ಮುಖ ಹೊತ್ತು ಬರುತ್ತದೆ, ನಡೆದದ್ದನ್ನೇ ತೋರಿಸುತ್ತಿರುವಂತೆ. 1917ರ ಕ್ರಾಂತಿಯಲ್ಲಿ ಚಳಿಗಾಲದ ಅರಮನೆಯನ್ನು ಜನ ನುಗ್ಗಿ ವಶಪಡಿಸಿಕೊಂಡದ್ದನ್ನು ಐಸೆನ್‌ಸ್ಟೈನ್ ಹತ್ತು ವರ್ಷಗಳ ನಂತರ ‘ಅಕ್ಟೋಬರ್’ ಚಿತ್ರಕ್ಕಾಗಿ ಭಾರೀ ಗುಂಪನ್ನು ಸೇರಿಸಿ ಮರುಸೃಷ್ಟಿಸಿದರು. ಮೂಲ ಘಟನೆ ಅದಕ್ಕಿಂತ ಎಷ್ಟೋ ಸಪ್ಪೆಯಾಗಿತ್ತು. ಆ ಚಿತ್ರದ ತುಣುಕುಗಳನ್ನೇ ಮುಂದೆ ನಿಜವಾದ ಕ್ರಾಂತಿಯ ದೃಶ್ಯಗಳೆಂಬಂತೆ ಬಳಸುತ್ತ ಬಂದರು.

ಮೈಮರೆಯುವುದಕ್ಕೆ ನನ್ನ ಅಡ್ಡಿಯಿಲ್ಲ. ನಾನೂ ಮೈಮರೆಯುತ್ತೇನೆ. ಆದರೆ ತೆರೆಯ ಮೇಲೆ ‘ಸತ್ಯ ಘಟನೆ ಆಧಾರಿತ’ ಎಂಬ ಅಕ್ಷರ ಬಂದ ಮೇಲೆ ಚಿತ್ರ ನನ್ನ ನಂಬಿಕೆಯನ್ನೇ ಕೇಳಿ ಪಡೆದಿರುತ್ತದೆ; ಪಡೆದದ್ದಕ್ಕೆ ಲೆಕ್ಕ ಕೇಳುವುದರಲ್ಲಿ ತಪ್ಪೇನು?

ಅಕ್ಷರಗಳ ಮಾತು ಬಂದದ್ದರಿಂದ ಒಂದು ಹಳೆಯ ಪ್ರಸಂಗ ಹೇಳುತ್ತೇನೆ. ‘ಪಾತ್ರಗಳೆಲ್ಲ ಕಾಲ್ಪನಿಕ’ ಎಂಬ ಒಕ್ಕಣೆ ಎಲ್ಲ ಕಡೆ ಹರಡಿದ್ದಕ್ಕೆ ಒಂದು ಮೊಕದ್ದಮೆ ಕಾರಣ. ರಷ್ಯಾದ ಅರಮನೆಯಲ್ಲಿ ಪ್ರಭಾವ ಬೀರಿದ್ದ ಸಾಧು ರಾಸ್‌ಪುಟಿನ್ ಕುರಿತು ಹಾಲಿವುಡ್ಡಿನ ಎಂಜಿಎಂ ಸ್ಟುಡಿಯೊ 1932ರಲ್ಲಿ ಮಾಡಿದ ಚಿತ್ರದಲ್ಲಿ ಬರುವ ರಾಜಕುಮಾರಿ ತಾನೇ ಎಂದು, ಅವನಿಂದ ತಾನು ಕೆಟ್ಟೆನೆಂಬಂತೆ ತೋರಿಸಿ ಮಾನಹಾನಿ ಮಾಡಿದ್ದಾರೆಂದು ರಷ್ಯಾದ ರಾಜಮನೆತನದ ಇರಿನಾ ಯೂಸುಪೋವಾ ಲಂಡನ್ನಿನಲ್ಲಿ ದಾವೆ ಹೂಡಿ 1934ರಲ್ಲಿ ಗೆದ್ದರು. ಪರಿಹಾರ 25,000 ಪೌಂಡ್. ಆಮೇಲೆ ಸ್ಟುಡಿಯೊಗಳು ಈ ಒಕ್ಕಣೆಯ ಹಿಂದೆ ಅಡಗಿಕೊಳ್ಳತೊಡಗಿದವು. ಇದನ್ನು ತಲೆಕೆಳಗು ಮಾಡಿದವರು ಕೋಸ್ಟಾ ಗಾವ್ರಾಸ್. ಗ್ರೀಸಿನ ಶಾಂತಿವಾದಿ ರಾಜಕಾರಣಿ ಲಂಬ್ರಾಕಿಸ್‌ನ 1963ರ ಕೊಲೆಯನ್ನು ಆಧರಿಸಿದ ತಮ್ಮ 1969ರ ‘ಝಡ್’ ಚಿತ್ರದ ಆರಂಭದಲ್ಲಿ, ಬದುಕಿರುವವರಿಗೂ ಸತ್ತವರಿಗೂ ಇರುವ ಹೋಲಿಕೆ ಆಕಸ್ಮಿಕವಲ್ಲ, ಬೇಕೆಂದೇ ಮಾಡಿದ್ದು ಎಂದು ಬರೆಸಿದರು. ಅದರಲ್ಲಿ ಎಲ್ಲ ಒತ್ತಡಗಳ ನಡುವೆ ತನಿಖೆ ಮುಂದುವರಿಸುವ ಯುವ ನ್ಯಾಯಾಧಿಕಾರಿಯ ಪಾತ್ರಕ್ಕೆ ಮೂಲವಾದ ಸಾರ್ಜೆಟಾಕಿಸ್ 1985ರಲ್ಲಿ ಗ್ರೀಸಿನ ರಾಷ್ಟ್ರಪತಿಯಾದರು.

ಉತ್ತರ: ಹಿಂದಿನ ಸಾಲಿನವನು

ಎಲ್ಲರಿಗೂ ಕೃತಜ್ಞತೆಗಳು. ಮಧ್ಯಂತರ ಅವರು ಹೇಳಿದ ಎರಡು ಪ್ರಶ್ನೆಗಳನ್ನು ಮಗಳಿಗೆ ಹೇಳಿ, ನಿನ್ನೆ ಎಂ.ಎಸ್. ಸತ್ಯು ಅವರ 1973ರ ‘ಗರ್ಮ್ ಹವಾ’ ಹಾಕಿದೆ. ದೇಶ ವಿಭಜನೆಯ ನಂತರ ಆಗ್ರಾದಲ್ಲೇ ಉಳಿಯುವ ಪಾದರಕ್ಷೆ ವ್ಯಾಪಾರಿ ಸಲೀಂ ಮಿರ್ಜಾನ ಸಂಸಾರದ ಕಥೆ ಅದು. ಗಲಭೆಯ ಭಯದಿಂದ ಸೆನ್ಸಾರ್ ಪ್ರಮಾಣಪತ್ರವನ್ನು ತಿಂಗಳುಗಟ್ಟಲೆ ತಡೆದಿದ್ದರು, ಆಮೇಲೆ ಅದೇ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಕೊಟ್ಟರು ಎಂಬುದನ್ನು ಟಿಕೆಟ್ಟಿನ ಅರ್ಧ ಅವರು ಖಂಡಿತ ಮೆಚ್ಚುತ್ತಾರೆ.

ಚಿತ್ರ ನಡೆಯುವಾಗ ಮಗಳು ಎದುರು ಪಕ್ಷದವನ ಮುಖಕ್ಕಾಗಿ ಕಾದಳು. ಬರಲಿಲ್ಲ, ಏಕೆಂದರೆ ಅದರಲ್ಲಿ ಖಳನಾಯಕನೇ ಇಲ್ಲ. ಸಾಲ ಕೊಡಲು ಹಿಂಜರಿಯುವವರು, ಬಾಡಿಗೆಗೆ ಮನೆ ಕೊಡದವರು, ಸುಮ್ಮನೆ ಗಡಿ ದಾಟಿ ಹೋಗುವ ಬಂಧುಗಳು ಇದ್ದಾರೆ. ಮದುವೆಯಾಗಿ ಬಂದ ಹವೇಲಿಯನ್ನು ಬಿಡಲಾರದ ಮುದುಕಿ ಸೌದೆಯ ಕೋಣೆಯಲ್ಲಿ ಅಡಗಿ ಕೂರುತ್ತಾಳೆ. ಸಾಯುವ ಮುನ್ನ ಅವಳನ್ನು ಪಲ್ಲಕ್ಕಿಯಲ್ಲಿ ಕೂರಿಸಿ, ಈಗ ಬೇರೆಯವರದಾದ ಅದೇ ಮನೆಗೆ ಹೊತ್ತು ತರುತ್ತಾರೆ. ಒಳಗೆ ಕಾಲಿಡುವಾಗ ಅವಳಿಗೆ ತಾನು ಮದುಮಗಳಾಗಿ ಬಂದ ದಿನದ ಸದ್ದುಗಳು ಕೇಳಿಸುತ್ತವೆ. ಅಲ್ಲಿ ನನಗೆ ಮೈ ನವಿರೇಳಲಿಲ್ಲ. ಕಣ್ಣು ಒರೆಸಿಕೊಳ್ಳಬೇಕಾಯಿತು. ಇದು ದೇಶಭಕ್ತಿಯ ಚಿತ್ರವೋ ಅಲ್ಲವೋ ಎಂದು ಮಗಳು ಕೇಳಿದಾಗ ನಾನು ಹೌದು ಎಂದೆ. ಒಂದೇ ಒಂದು ಭಾಷಣವೂ ನೆನಪಿನಲ್ಲಿ ಉಳಿಯಲಿಲ್ಲವಲ್ಲ ಎಂದು ಅವಳು ಹೇಳಿದಳು.

ನನ್ನ ಇನ್ನೊಂದು ಪ್ರಶ್ನೆ, ನನಗೆ ಒಪ್ಪಿಗೆಯಾದ ರಾಜಕೀಯದ ಚಿತ್ರಗಳಲ್ಲಿ ತಪ್ಪು ಕಾಣುವುದಿಲ್ಲ ಎಂಬುದು, ಹಾಗೇ ಉಳಿದಿದೆ. ಈ ಚಿತ್ರವನ್ನು ಮೆಚ್ಚಿದ್ದರಲ್ಲೂ ಆ ಪಕ್ಷಪಾತ ಇದ್ದೀತು. ಆದ್ದರಿಂದ ಮುಂದಿನ ವಾರಕ್ಕೆ ಚಿತ್ರವನ್ನು ಆರಿಸುವ ಕೆಲಸವನ್ನು ಮಗಳಿಗೆ ಬಿಟ್ಟಿದ್ದೇನೆ, ನಾನು ಬೈದು ಅರ್ಧಕ್ಕೇ ಎದ್ದುಬಂದಿದ್ದ ಚಿತ್ರವೊಂದನ್ನೇ ಆರಿಸಬೇಕು ಎಂಬ ಷರತ್ತಿನೊಂದಿಗೆ. ಅವಳು ಆಗಲೇ ಪಟ್ಟಿ ಮಾಡಿದ್ದಾಳೆ, ಅದು ನಾನು ಅಂದುಕೊಂಡಿದ್ದಕ್ಕಿಂತ ಉದ್ದವಾಗಿದೆ.